ಕಾಚಂಪುಳಿ

ಹೆಸರಿಟ್ಟವನು ಮೊಣ್ಣಪ್ಪ.
ಅಷ್ಟು ಕಪ್ಪು, ಅಷ್ಟು ಹುಳಿ ಮುಖ,
ಬಾಟಲಿಯಿಂದ ಸುರಿದ ಹಾಗೆ
ಯಾವ ಸಂದಿಯಲ್ಲಾದರೂ ಜಾರುತ್ತೆ, ಅಂದ.
ಕರೆಯುವಾಗ ಬರೀ ಪುಳಿ.

ಮೂರನೇ ತಿಂಗಳಿಗೆ ಅತ್ತೆ ಬಂದರು,
ಪೊನ್ನಂಪೇಟೆಯ ಮೊದಲ ಬಸ್ಸಿಗೆ,
ವಿರಾಜಪೇಟೆಯ ಗಡಿಯಾರ ಕಂಬದ ಹಿಂದಿನ ನಮ್ಮ ಮಹಡಿಗೆ.
ಒಂದು ಕೈಯಲ್ಲಿ ಕಿತ್ತಳೆ ಚೀಲ,
ಇನ್ನೊಂದರಲ್ಲಿ ತಿಂಗಳುಗಟ್ಟಲೆ ಒಲೆಯ ಹೊಗೆ ಕುಡಿದ ಮಾಂಸದ ಪೊಟ್ಟಣ.
ಚಪ್ಪಲಿ ಬಿಡುವ ಮೊದಲೇ ಕೇಳಿದರು:
"ಇದು ಇನ್ನೂ ಇಲ್ಲೇ ಇದೆಯಾ?"
ಇದು ಅವರ ಕಾಲು ಮೂಸಿ
ಕಿತ್ತಳೆಯ ವಾಸನೆಗೆ ಮುಖ ಸಿಂಡರಿಸಿ ಹೋಯಿತು.

ಆಮೇಲೆ ದಿನಕ್ಕೊಂದು.
ಬೆಕ್ಕಿನ ಕೂದಲು ಗರ್ಭಕ್ಕೆ ಹೋಗಿ ಸುತ್ತಿಕೊಳ್ಳುತ್ತದಂತೆ.
ಮಗು ರಾತ್ರಿಯಿಡೀ ಬೆಕ್ಕಿನ ಸ್ವರದಲ್ಲೇ ಅಳುತ್ತದಂತೆ.
ಬಿಟ್ಟಂಗಾಲದ ಚಿಣ್ಣವ್ವನ ಸೊಸೆಗೆ ಏನಾಯಿತು ಗೊತ್ತಾ,
ಏನಾಯಿತೆಂದು ಯಾರೂ ಪೂರ್ತಿ ಹೇಳುವುದಿಲ್ಲ,
ದನಿ ತಗ್ಗಿಸಿ ನನ್ನ ಹೊಟ್ಟೆ ನೋಡುತ್ತಾರೆ.
ಫೋನಿನಲ್ಲಿ ನನ್ನ ಅಮ್ಮನೂ ಅವರ ಪಕ್ಷ.
ಕೆಳಗಿನ ಬೇಕರಿಯ ಹಂಝ ಮಾತ್ರ
"ಬೆಕ್ಕಿರುವ ಮನೆಗೆ ಬರ್ಕತ್ತು ಮೇಡಂ" ಎಂದು
ಬನ್ನಿನ ಕಾಗದದಲ್ಲಿ ಎರಡು ಮತ್ತಿ ಮೀನು ಸುತ್ತಿ ಕಳಿಸಿದ.

ನಾನು ಆಸ್ಪತ್ರೆಯ ಲ್ಯಾಬಿನವಳು.
ದಿನವಿಡೀ ಗಾಜಿನ ಮೇಲೆ ಊರಿನ ರಕ್ತ,
ಊರಿನ ಕಫ, ಊರಿನ ಮಲ.
ಹುಳ ಯಾವುದು, ಮೊಟ್ಟೆ ಯಾವುದು, ಬರೀ ದೂಳು ಯಾವುದು,
ಒಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ.
ಹೆದರಿಕೆ ಪೂರಾ ಸುಳ್ಳಲ್ಲ, ಅದೂ ಗೊತ್ತು.
ಬೆಕ್ಕಿನ ಹೇಲಿನಲ್ಲಿ ಇರಬಹುದಾದದ್ದು
ತೊಳೆಯದ ಸೊಪ್ಪಿನ ಮಣ್ಣಿನಲ್ಲೂ ಇರಬಹುದು,
ಅರೆಬೆಂದ ಮಾಂಸದಲ್ಲೂ.
ಇದನ್ನು ಹೇಳಲೆಂದು ಬಾಯಿ ತೆರೆದರೆ
ಅತ್ತೆ ಸೌಟಿನಿಂದಲೇ ಹಂದಿಯ ಚೂರೊಂದನ್ನು ಬಾಯಿಗಿಟ್ಟು
"ಉಪ್ಪು ನೋಡು, ಬೆಂದಿದೆಯಾ ನೋಡು" ಅಂದರು.
ಬೆಂದಿರಲಿಲ್ಲ. ಉಗುಳಿದೆ.
ವಾಕರಿಕೆ ಎಂದುಕೊಂಡು ಬೆನ್ನು ನೀವಿದರು, ಪಾಪ.

ಸಿಸ್ಟರ್ ಫಿಲೋಮಿನಾ ನನ್ನ ರಕ್ತ ತೆಗೆದಳು.
ಕೊಳವೆಯ ಮೇಲೆ ಹೆಸರು ಮಾತ್ರ ನಾನೇ ಬರೆದೆ,
ಅಕ್ಷರ ಸ್ವಲ್ಪ ಸೊಟ್ಟ.
ಐಸ್ ಡಬ್ಬಿಯಲ್ಲಿ ಮೈಸೂರಿಗೆ ಹೋದದ್ದಕ್ಕೆ
ನಾಲ್ಕು ದಿನದ ಮೇಲೆ ಉತ್ತರ:
ಈಗಿನದೇನೂ ಇಲ್ಲ, ಹಳೆಯದೊಂದು ಗುರುತಿದೆ.
ಯಾವಾಗಲೋ ಬಂದು, ನೆನಪಿಡುವಂಥ ಜ್ವರವನ್ನೂ ಕೊಡದೆ
ಕಾವಲು ಕೂರಿಸಿ ಹೋಗಿದೆ.
ಯಾವ ಬೆಕ್ಕೋ, ಯಾವ ಹಬ್ಬದ ಊಟವೋ.
ಅಜ್ಜನ ಪತ್ತಾಯದಡಿ ಮರಿ ಹಾಕುತ್ತಿದ್ದ ಕಂದು ಬಣ್ಣದವಳೇ ಇರಲಿ ಎಂದು
ನನ್ನ ಆಸೆ.
ನಾನು ಮರೆತವಳನ್ನು ರಕ್ತ ಮರೆತಿಲ್ಲ.

"ರಿಪೋರ್ಟು ಕಾಗದ," ಅಂದರು ಅತ್ತೆ. "ಬೆಕ್ಕು ಬೆಕ್ಕು."

ಮರಳಿನ ಟ್ರೇ ಮೊಣ್ಣಪ್ಪನ ಪಾಲಿಗೆ ಬಂತು.
ಹಳದಿ ಕೈಗವಸು, ಮೂಗಿಗೆ ಕರ್ಚೀಫು,
ನೆಲಬಾಂಬು ಎತ್ತುವ ಸಿಪಾಯಿಯ ನಡಿಗೆ.
ಮದುವೆಯಾದ ಐದು ವರ್ಷದಲ್ಲಿ
ಅವನು ಈ ಮನೆಯಲ್ಲಿ ಬಳಿದ ಮೊದಲ ಕಸ.
ನೋಡಲಾಗದೆ ಅತ್ತೆ ಟೀವಿಯ ಕಡೆ ತಿರುಗಿ ಕೂತರು.
ಟೀವಿ ಆಫಾಗಿತ್ತು.

ಯಾರೂ ಲೆಕ್ಕಕ್ಕೆ ಹಿಡಿಯದ್ದು ಒಂದಿದೆ.
ಹೋದ ವರ್ಷ, ಕಾಫಿ ಹೂವಿನ ದಿನಗಳಲ್ಲಿ,
ಹನ್ನೊಂದು ವಾರದ್ದೊಂದು ನನ್ನೊಳಗಿಂದ ಹೋಯಿತು.
ಆಗ ಮನೆಯಲ್ಲಿ ಬೆಕ್ಕಿರಲಿಲ್ಲ.
ಸೋಫಾದ ಮೇಲೆ ಒಂದು ಕೂದಲಿರಲಿಲ್ಲ.
ಎಲ್ಲರೂ ಬಂದು ಬಿಸ್ಕತ್ತು ತಿಂದು ಹೋದ ಮೇಲೆ
ಮೆಟ್ಟಿಲ ಮೇಲೆ ಒದ್ದೆಯಾಗಿ ಕೂತಿತ್ತು ಇದು, ಅಂಗೈಯಷ್ಟು.
"ಬಿಡು, ಇನ್ನೊಂದಾಗುತ್ತೆ" ಎನ್ನದ ಜೀವ
ಆ ವಾರ ಅದೊಂದೇ.

ಈಗ ಏಳು. ಮಧ್ಯಾಹ್ನ ಎಡಮಗ್ಗುಲಲ್ಲಿ ಮಲಗಿದ್ದೆ.
ಹೊಟ್ಟೆಗೆ ಬೆನ್ನು ಕೊಟ್ಟು ಪುಳಿ, ಗುರುಗುರು.
ಒಳಗಿಂದ ಒಂದು ಒದೆತ ಬಿತ್ತು, ನೇರ ಅದರ ಬೆನ್ನಿಗೆ.
ಗುರುಗುರು ನಿಂತಿತು. ಇನ್ನೊಂದು ಒದೆತ.
ಎದ್ದು, ನನ್ನನ್ನೇ ದುರುಗುಟ್ಟಿ ನೋಡಿ,
ಅಕ್ಕಿ ಡಬ್ಬದ ಮೇಲೆ ಹೋಗಿ ಕೂತಿತು,
ಬಾಡಿಗೆ ಕೊಟ್ಟೂ ಹೊರಹಾಕಿಸಿಕೊಂಡವರ ಹಾಗೆ.

ಬಾಗಿಲಲ್ಲಿದ್ದ ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು:
"ನೋಡಿದ್ಯಾ? ನಾನು ಹೇಳಿದ್ದನ್ನೇ ಮಗುವೂ ಹೇಳ್ತು!"
ನಗುತ್ತಲೇ ಬಂದು ಮಂಚದ ಅಂಚಿಗೆ ಕೂತರು.
ಮೂರನೇ ಒದೆತಕ್ಕೆ
ಅವರ ಅಂಗೈ ಅಲ್ಲಿತ್ತು,
ಬೆಕ್ಕಿನ ಬಿಸಿ ಇನ್ನೂ ಆರದಿದ್ದ ಜಾಗದಲ್ಲಿ.